ಎರಡನೆಯವನ ಆಯ್ಕೆ

ಜನರು ತಮ್ಮ ಮುಂದಾಳನ್ನು ಆರಿಸುವಾಗ ಅವನ ಮುಖವನ್ನು ನೋಡುತ್ತಾರೆ, ಮಾತನ್ನು ಕೇಳುತ್ತಾರೆ, ಹಿಂದಣ ನಡತೆಯನ್ನು ತೂಗುತ್ತಾರೆ. ಅವನ ಬಲಗಡೆಯಲ್ಲಿ ಕುಳಿತವನು ಯಾರೆಂದು ವಿಚಾರಿಸುವವರು ವಿರಳ. ಆದರೆ ಆಯುಸ್ಸಿನ ಲೆಕ್ಕವು ಮತಗಳ ಲೆಕ್ಕದಂತೆ ಮನುಷ್ಯನ ಕೈಗೆ ಸಿಕ್ಕುವಂಥದಲ್ಲ. ಮೊದಲನೆಯವನು ಎದ್ದು ಹೋದ ಗಳಿಗೆಯಲ್ಲಿ ಎರಡನೆಯವನೇ ಮೊದಲನೆಯವನಾಗುತ್ತಾನೆ. ಜನರು ತಾವು ನೋಡದೆ ಆರಿಸಿದ ಮುಖವನ್ನು ಅಂದು ಕಣ್ಣೆತ್ತಿ ನೋಡುತ್ತಾರೆ. ಆದುದರಿಂದ, ಒಮ್ಮೆ ಅಧಿಕಾರ ನಡೆಸಿದವನು ಮತ್ತೊಮ್ಮೆ ಜನರೆದುರು ಕೈಮುಗಿದು ನಿಲ್ಲುವಾಗ ಹಳೆಯ ಜೊತೆಗಾರನನ್ನೇ ಉಳಿಸಿಕೊಳ್ಳತಕ್ಕದ್ದೋ, ಹೊಸಬನನ್ನು ಕರೆದು ತರತಕ್ಕದ್ದೋ ಎಂಬ ಪ್ರಶ್ನೆಯು ಬರಿಯ ಪಕ್ಷಗಳ ಒಳಮನೆಯ ಮಾತಾಗಿ ಉಳಿಯಕೂಡದು.

ಕೋಟದ ಕಡೆಯ ಮನೆಗಳಿಗೆ ಈ ಪ್ರಶ್ನೆ ಒಂದು ಬಗೆಯಲ್ಲಿ ಪರಿಚಿತವೇ. ಬಯಲಾಟದಲ್ಲಿ ಭಾಗವತನೇ ಮೊದಲನೆಯ ವೇಷಧಾರಿ ಎಂಬ ಮಾತು ಹಿಂದಿನಿಂದ ಬಂದುದು. ಬಣ್ಣ ಹಚ್ಚಿ ಗೆಜ್ಜೆ ಕಟ್ಟಿದವರಲ್ಲಿ ಅಗ್ರಗಣ್ಯನಾದವನಿಗೆ ಎರಡನೆಯ ವೇಷವೆಂದು ಹೆಸರು. ಮಳೆಗಾಲ ಕಳೆದು ಹೊಸ ತಿರುಗಾಟಕ್ಕೆ ಮೇಳ ಕಟ್ಟುವಾಗ ಯಜಮಾನರು ಎರಡನೆಯ ವೇಷಕ್ಕೆ ಹಳಬರನ್ನೇ ಉಳಿಸಿಕೊಂಡರೋ, ಬೇರೆ ಮೇಳದಿಂದ ಯಾರನ್ನಾದರೂ ತಂದರೋ ಎಂಬ ಚರ್ಚೆಯು ಅಮೃತೇಶ್ವರಿಯ ಗುಡಿಯ ಬಳಿಯಿಂದ ಸಾಲಿಗ್ರಾಮದ ಪೇಟೆಯ ತನಕ ನಡೆಯುವುದುಂಟು. ಹೊಸಬನು ಬಂದರೆ ನೋಡುವುದಕ್ಕೆ ಜನ ಕೂಡುತ್ತಾರೆ. ಹಳಬನಿದ್ದರೆ ಭಾಗವತನ ಮನಸ್ಸು ಪದವಾಗಿ ಹೊರಡುವ ಮೊದಲೇ ಅವನ ಹೆಜ್ಜೆಗೆ ತಿಳಿದಿರುತ್ತದೆ. ಎರಡೂ ಲಾಭಗಳೇ, ಒಟ್ಟಿಗೆ ದೊರೆಯವು ಅಷ್ಟೆ. ಆದರೆ ರಂಗಸ್ಥಳಕ್ಕೂ ರಾಜ್ಯಕ್ಕೂ ಒಂದು ಭೇದವುಂಟು. ಭಾಗವತನಿಗೆ ಕಂಠ ಕಟ್ಟಿದರೆ ತಾಳ ಹಿಡಿಯುವುದಕ್ಕೆ ಇನ್ನೊಬ್ಬ ಭಾಗವತನು ಬರುತ್ತಾನೆಯೇ ಹೊರತು ವೇಷದವನು ಅಲ್ಲ. ರಾಜ್ಯದಲ್ಲಿ ವೇಷದವನೇ ತಾಳ ಹಿಡಿಯಬೇಕಾಗುತ್ತದೆ.

ಈ ಪ್ರಶ್ನೆಯ ತವರು ಅಮೇರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ಅಧ್ಯಕ್ಷ ಪದವಿಯ ಉಮೇದುವಾರನೂ ಉಪಾಧ್ಯಕ್ಷ ಪದವಿಯ ಉಮೇದುವಾರನೂ ಜೋಡಿಯಾಗಿ ನಿಲ್ಲುತ್ತಾರೆ. ಜನರು ಒಬ್ಬನನ್ನು ಒಪ್ಪಿ ಇನ್ನೊಬ್ಬನನ್ನು ಬಿಡುವಂತಿಲ್ಲ. ಮೊದಮೊದಲು ಹೀಗಿರಲಿಲ್ಲ. ಮತಗಳಲ್ಲಿ ಎರಡನೆಯ ಸ್ಥಾನ ಪಡೆದವನೇ ಉಪಾಧ್ಯಕ್ಷನಾಗುತ್ತಿದ್ದುದರಿಂದ, 1796ರಲ್ಲಿ ಜಾನ್ ಆಡಮ್ಸನಿಗೆ ಅವನ ಪ್ರತಿಸ್ಪರ್ಧಿಯಾದ ಜೆಫರ್ಸನನೇ ಜೊತೆಯಾದನು. 1800ರಲ್ಲಿ ಜೆಫರ್ಸನನಿಗೂ ಅವನ ಜೊತೆಗಾರನಾಗಬೇಕಾಗಿದ್ದ ಆರನ್ ಬರ್‌ನಿಗೂ ಸರಿಸಮ ಮತಗಳು ಬಿದ್ದು ದೊಡ್ಡ ಗೊಂದಲವಾಯಿತು. 1804ರ ತಿದ್ದುಪಡಿಯು ಎರಡು ಪದವಿಗಳಿಗೂ ಬೇರೆ ಬೇರೆ ಮತವನ್ನು ಗೊತ್ತುಮಾಡಿತು. ಅದೇ ವರ್ಷ ಮರಳಿ ನಿಂತ ಜೆಫರ್ಸನನ ಪಕ್ಷವು ಬರ್‌ನನ್ನು ಕೈಬಿಟ್ಟು ಜಾರ್ಜ್ ಕ್ಲಿಂಟನನನ್ನು ಆರಿಸಿತು. ಜೊತೆಗಾರನನ್ನು ಬದಲಿಸುವ ರೂಢಿ ಹೀಗೆ ಆ ರಾಜ್ಯದ ಬಾಲ್ಯದಲ್ಲಿಯೇ ಆರಂಭವಾಯಿತು.

ಅಂತಹ ಬದಲಾವಣೆಗಳಲ್ಲಿ ಎರಡು, ವಿಚಾರವಂತರು ಒಟ್ಟಿಗಿಟ್ಟು ನೋಡಬೇಕಾದವು. 1864ರಲ್ಲಿ ಅಂತರ್ಯುದ್ಧ ನಡೆಯುತ್ತಿರುವಾಗ ಲಿಂಕನನು ಎರಡನೆಯ ಸಲ ನಿಂತನು. ಮೊದಲ ಅವಧಿಯ ಉಪಾಧ್ಯಕ್ಷನಾದ ಹ್ಯಾನಿಬಲ್ ಹ್ಯಾಮ್ಲಿನನು ಉತ್ತರದವನು, ಗುಲಾಮಗಿರಿಯ ಕಡುವೈರಿ. ಅವನಿಂದ ಹೊಸ ಮತಗಳು ಬರುವಂತಿರಲಿಲ್ಲ. ಆದುದರಿಂದ ಎದುರು ಪಕ್ಷದವನೂ ದಕ್ಷಿಣದವನೂ ಆಗಿದ್ದು ಒಕ್ಕೂಟಕ್ಕೆ ನಿಷ್ಠನಾಗಿ ಉಳಿದಿದ್ದ ಆಂಡ್ರೂ ಜಾನ್ಸನನನ್ನು ತಂದರು. 1865ರ ಏಪ್ರಿಲಿನಲ್ಲಿ ಲಿಂಕನನು ಕೊಲೆಯಾದನು. ಅಧಿಕಾರ ವಹಿಸಿ ಆರು ವಾರಗಳಷ್ಟೇ ಆಗಿದ್ದ ಜಾನ್ಸನನು ಅಧ್ಯಕ್ಷನಾದನು. ಬಿಡುಗಡೆ ಹೊಂದಿದ ಕರಿಯ ಜನರ ಹಕ್ಕುಗಳಿಗಾಗಿ 1866ರಲ್ಲಿ ಬಂದ ಶಾಸನವನ್ನೇ ಅವನು ತಡೆಯಲು ನೋಡಿದನು. ಶಾಸನಸಭೆಯೊಂದಿಗೆ ಜಗಳವಾಡಿ 1868ರಲ್ಲಿ ಮಹಾಭಿಯೋಗಕ್ಕೆ ಗುರಿಯಾಗಿ ಒಂದೇ ಮತದ ಅಂತರದಿಂದ ಪಾರಾದನು. ಲಿಂಕನನು ಪ್ರಾಣ ಕೊಟ್ಟು ಗಳಿಸಿದುದರಲ್ಲಿ ಬಹುಭಾಗವು ಮತಗಳಿಗಾಗಿ ಆರಿಸಿದ ಜೊತೆಗಾರನ ಕೈಯಲ್ಲಿ ಸೋರಿಹೋಯಿತು.

ಇನ್ನೊಂದು 1944ರದು. ಫ್ರಾಂಕ್ಲಿನ್ ರೂಸ್‌ವೆಲ್ಟನಿಗೆ ಮೊದಲೆರಡು ಅವಧಿಗಳಲ್ಲಿ ಗಾರ್ನರನೂ ಮೂರನೆಯದರಲ್ಲಿ ಹೆನ್ರಿ ವ್ಯಾಲೇಸನೂ ಜೊತೆಗಾರರು. ನಾಲ್ಕನೆಯ ಸಲ ನಿಲ್ಲುವಾಗ ವ್ಯಾಲೇಸನು ಪಕ್ಷದ ಮುಖಂಡರಿಗೆ ಬೇಡವಾದನು. ಹ್ಯಾರಿ ಟ್ರೂಮನನನ್ನು ತಂದರು. ಉಪಾಧ್ಯಕ್ಷನಾದ 82ನೆಯ ದಿನ, 1945ರ ಏಪ್ರಿಲ್ 12ರಂದು, ರೂಸ್‌ವೆಲ್ಟನು ತೀರಿಕೊಂಡನು. ಜಗತ್ತಿನ ಮಹಾಯುದ್ಧದ ಭಾರವೆಲ್ಲ ಟ್ರೂಮನನ ತಲೆಯ ಮೇಲೆ ಬಿತ್ತು. ಅಣುಬಾಂಬಿನ ಸಿದ್ಧತೆಯ ಪೂರ್ಣ ವಿವರವನ್ನು ಅವನಿಗೆ ಹೇಳಿದುದು ಅವನು ಅಧ್ಯಕ್ಷನಾದ ಬಳಿಕ. ಆದರೂ ಅವನು ತಡವರಿಸದೆ ನಿಂತನು. ಅವನನ್ನು ಸಮರ್ಥರ ಸಾಲಿನಲ್ಲಿ ಎಣಿಸುವ ಚರಿತ್ರಕಾರರು ಅನೇಕರು.

ಈ ಎರಡು ಸಂದರ್ಭಗಳಲ್ಲಿಯೂ ಆರಿಸಿದ ಕ್ರಮವು ಒಂದೇ: ಗೆಲವಿಗೆ ಯಾರು ಅನುಕೂಲರು ಎಂಬ ಎಣಿಕೆ. ಫಲವು ಮಾತ್ರ ಬೇರೆ. ಒಂದೇ ಬೀಜದಿಂದ ಒಂದು ಕಡೆ ವಿಷವೂ ಇನ್ನೊಂದು ಕಡೆ ಅಮೃತವೂ ಬಂದರೆ ಬೀಜದ ಗುಣವೆಂದು ಹೇಳುವಂತಿಲ್ಲ. ಮಣ್ಣಿನದೋ ಮಳೆಯದೋ ಎನ್ನಬೇಕು. ಎಂದರೆ ಆ ದೇಶವು ಒಮ್ಮೆ ಕೆಟ್ಟುದೂ ಒಮ್ಮೆ ಉಳಿದುದೂ ದೈವವಶದಿಂದ. ದೈವಕ್ಕೆ ಬಿಡಬಾರದ ಕೆಲಸವನ್ನು ದೈವಕ್ಕೆ ಬಿಟ್ಟುದೇ ಅಲ್ಲಿಯ ದೋಷ.

ಹಾಗಾದರೆ ಹಳಬನನ್ನು ಉಳಿಸಿಕೊಳ್ಳುವುದೇ ಕ್ಷೇಮವೇ? ಅದನ್ನೂ ಕಣ್ಣುಮುಚ್ಚಿ ಹೇಳುವಂತಿಲ್ಲ. 1956ರಲ್ಲಿ ಐಸೆನ್‌ಹೋವರನಿಗೆ ನಿಕ್ಸನನನ್ನು ಬದಲಿಸುವ ಯೋಚನೆಯಿದ್ದರೂ ಕೊನೆಗೆ ಅವನೇ ಉಳಿದನು. ಆ ನಿಕ್ಸನನೇ ಅಧ್ಯಕ್ಷನಾಗಿ 1972ರಲ್ಲಿ ಮರಳಿ ನಿಂತಾಗ ಸ್ಪೈರೋ ಆಗ್ನ್ಯೂವನ್ನು ಜೊತೆಯಲ್ಲಿಯೇ ಇಟ್ಟುಕೊಂಡು, 50 ಸಂಸ್ಥಾನಗಳಲ್ಲಿ 49ನ್ನು ಗೆದ್ದನು. ಮರುವರ್ಷ ಅಕ್ಟೋಬರಿನಲ್ಲಿ ಆಗ್ನ್ಯೂ ತೆರಿಗೆಯ ವಂಚನೆಗಾಗಿ ಪದವಿ ಬಿಟ್ಟನು. ಅವನ ಸ್ಥಾನಕ್ಕೆ ಫೋರ್ಡನನ್ನು ನೇಮಿಸಿದರು. 1974ರಲ್ಲಿ ನಿಕ್ಸನನೂ ಬಿಟ್ಟು ಹೋದನು. ಜನರು ಎರಡರಲ್ಲಿ ಒಂದು ಪದವಿಗೂ ಆರಿಸದ ಫೋರ್ಡನು ಇಡೀ ರಾಜ್ಯದ ಅಧಿಪತಿಯಾದನು. ಗೆಲವು ದೊಡ್ಡದಾದಷ್ಟೂ ಪರೀಕ್ಷೆ ಸಣ್ಣದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಆ ಫೋರ್ಡನು 1976ರಲ್ಲಿ ತನ್ನ ಉಪಾಧ್ಯಕ್ಷ ರಾಕ್‌ಫೆಲರನನ್ನು ಬಿಟ್ಟು ಡೋಲ್‌ನನ್ನು ಕಟ್ಟಿಕೊಂಡು ಸೋತನು. ಅಲ್ಲಿಂದ 2020ರವರೆಗೆ ಮರಳಿ ನಿಂತ ಏಳು ಅಧ್ಯಕ್ಷರೂ ಹಳೆಯ ಜೊತೆಗಾರರನ್ನೇ ಉಳಿಸಿಕೊಂಡರು. ನಾಲ್ವರು ಗೆದ್ದರು, ಮೂವರು ಸೋತರು. ಬದಲಿಸಿದರೆ ಸೋಲೆಂದಾಗಲಿ, ಉಳಿಸಿಕೊಂಡರೆ ಗೆಲವೆಂದಾಗಲಿ ಈ ಲೆಕ್ಕದಿಂದ ಸಿದ್ಧಾಂತ ಹೊರಡದು. 2024ರಲ್ಲಿ ಟ್ರಂಪನು ಪೆನ್ಸನನ್ನು ಬಿಟ್ಟು ವ್ಯಾನ್ಸನೊಂದಿಗೆ ನಿಂತು ಗೆದ್ದನು. ಅದೇ ವರ್ಷ ಬೈಡನನು ಜುಲೈ 21ರಂದು ಕಣದಿಂದ ಹಿಂದೆಗೆದಾಗ ಅವನು ಉಳಿಸಿಕೊಂಡಿದ್ದ ಕಮಲಾ ಹ್ಯಾರಿಸರು ಮೊದಲ ಸ್ಥಾನಕ್ಕೆ ನಿಂತು ಸೋತರು. ಎರಡನೆಯವರು ಮೊದಲನೆಯವರಾಗಬೇಕಾದ ಗಳಿಗೆ ಹೇಳಿ ಕೇಳಿ ಬರುವುದಿಲ್ಲವೆಂಬುದು ಅಲ್ಲಿಯೂ ಕಂಡಿತು.

ಭರತಖಂಡದ ಪ್ರಾಚೀನರು ಈ ಪ್ರಶ್ನೆಯನ್ನು ಎತ್ತದೆ ಬಿಟ್ಟವರಲ್ಲ. ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ ತಾಳೆಯೋಲೆಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ, ಅಮಾತ್ಯರನ್ನು ಯಾರೊಳಗಿಂದ ಆರಿಸಬೇಕೆಂಬುದರ ಮೇಲೆ ಆಚಾರ್ಯರ ದೊಡ್ಡ ವಾದವೇ ಇದೆ. ಜೊತೆಯಲ್ಲಿ ಓದಿದವರು ಆಗಲಿ ಎಂದು ಭಾರದ್ವಾಜನು. ಅವರು ಸಲಿಗೆಯಿಂದ ಅರಸನನ್ನು ಲಘುವಾಗಿ ಕಾಣುತ್ತಾರೆಂದು ವಿಶಾಲಾಕ್ಷನು. ಆಪತ್ತಿನಲ್ಲಿ ನೆರವಾದವರು ಆಗಲಿ ಎಂದು ಪರಾಶರನು. ಅದು ಭಕ್ತಿಯೇ ಹೊರತು ಬುದ್ಧಿಯಲ್ಲವೆಂದು ಪಿಶುನನು. ತಂದೆ ತಾತಂದಿರ ಕಾಲದಿಂದ ಬಂದವರೇ ನಂಬತಕ್ಕವರೆಂದು ಕೌಣಪದಂತನು. ಅಂಥವರು ಎಲ್ಲವನ್ನೂ ವಶಮಾಡಿಕೊಂಡು ತಾವೇ ಒಡೆಯರಾಗುತ್ತಾರೆ, ನೀತಿ ಬಲ್ಲ ಹೊಸಬರನ್ನು ತರಬೇಕೆಂದು ವಾತವ್ಯಾಧಿಯು. ಶಾಸ್ತ್ರ ಬಲ್ಲರೂ ಕೆಲಸ ಮಾಡಿ ಅರಿಯದ ಹೊಸಬರು ಕೆಡುತ್ತಾರೆಂದು ಬಾಹುದಂತೀಪುತ್ರನು. ಇಷ್ಟನ್ನೂ ಕೇಳಿದ ಕೌಟಲ್ಯನು ಯಾರನ್ನೂ ತಳ್ಳಿಹಾಕದೆ, ಕಾರ್ಯವನ್ನು ನಿರ್ವಹಿಸುವ ಸಾಮರ್ಥ್ಯದಿಂದಲೇ ಪುರುಷನ ಬೆಲೆಯನ್ನು ಕಟ್ಟಬೇಕೆಂದು ತೀರ್ಮಾನಿಸುತ್ತಾನೆ. ಹೊಸದು ಹಳೆಯದು ಎಂಬ ಭೇದವು ಅಳತೆಗೋಲೇ ಅಲ್ಲವೆಂಬುದು ಆ ತೀರ್ಮಾನದ ಸಾರ.

ಕರ್ನಾಟಕಕ್ಕೆ ಬಂದರೆ ಪ್ರಶ್ನೆಯ ರೂಪ ಬೇರೆಯಾಗುತ್ತದೆ. ಇಲ್ಲಿ ಮೊದಲನೆಯವನು ತನ್ನ ಎರಡನೆಯವನನ್ನು ತಾನೇ ಆರಿಸುವುದು ಅಪರೂಪ. ಗ್ರಾಮ ಪಂಚಾಯತಿನಲ್ಲಿ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಸದಸ್ಯರು ಆರಿಸುತ್ತಾರೆ. ಎರಡು ಸ್ಥಾನಗಳಿಗೂ ಮೀಸಲಾತಿಯ ಕಟ್ಟುಂಟು. ಉಪಮುಖ್ಯಮಂತ್ರಿ ಎಂಬ ಪದವಿಯು ಸಂವಿಧಾನದಲ್ಲಿಯೇ ಇಲ್ಲ. ಆದರೂ ಅದು ಬರಿಯ ಅಲಂಕಾರವಲ್ಲ. ಎಸ್. ಎಂ. ಕೃಷ್ಣ, ಜೆ. ಎಚ್. ಪಟೇಲ್, ಸಿದ್ದರಾಮಯ್ಯ, ಯಡಿಯೂರಪ್ಪ, ಈ ನಾಲ್ವರೂ ಆ ಮೆಟ್ಟಿಲನ್ನು ತುಳಿದು ಬಳಿಕ ಮುಖ್ಯಮಂತ್ರಿಗಳಾದವರು. 2004ರಲ್ಲಿ ಧರ್ಮಸಿಂಗರ ಸಮ್ಮಿಶ್ರ ಸರಕಾರದಲ್ಲಿ ಸಿದ್ದರಾಮಯ್ಯನವರು ಎರಡನೆಯವರು. 2005ರಲ್ಲಿ ಅವರನ್ನು ಇಳಿಸಿ ಎಂ. ಪಿ. ಪ್ರಕಾಶರನ್ನು ಕೂರಿಸಿದರು, ಇಳಿಸಿದುದು ಮುಖ್ಯಮಂತ್ರಿಯ ಇಷ್ಟದಿಂದಲ್ಲ, ಜೊತೆಯ ಪಕ್ಷದ ವರಿಷ್ಠರ ಇಷ್ಟದಿಂದ. ಪ್ರಕಾಶರು ಸಜ್ಜನರು, ನಾಟಕ ಸಾಹಿತ್ಯಗಳ ರಸಿಕರು. ಆದರೂ 2006ರ ಆರಂಭದಲ್ಲಿ ಆ ಸರಕಾರವೇ ಉರುಳಿತು. ಇಳಿದವರು ಬೇರೆ ಮನೆ ಸೇರಿ 2013ರಲ್ಲಿಯೂ 2023ರಲ್ಲಿಯೂ ಆ ಮನೆಯ ಪಕ್ಷದಿಂದ ಮುಖ್ಯಮಂತ್ರಿಗಳಾದರು. ಇದು ಮರುಚುನಾವಣೆಯ ಆಯ್ಕೆಯಲ್ಲ, ನಿಜ. ಆದರೆ ಎರಡನೆಯವನನ್ನು ಕದಲಿಸುವಾಗ ಮನೆಯ ಯಾವ ಕಂಬವನ್ನು ಕದಲಿಸುತ್ತಿದ್ದೇವೆಂದು ನೋಡಬೇಕೆಂಬ ಪಾಠ ಇದರಲ್ಲಿ ಉಂಟು.

ಉಳಿಸಿಕೊಂಡುದರ ನಿದರ್ಶನವೂ ಬೇಕಾದರೆ 1957ನ್ನು ನೆನೆಯಬಹುದು. ಕೋಟವು ಮದ್ರಾಸಿನ ಆಡಳಿತದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯವನ್ನು ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆ ವರ್ಷ ಬಾಬು ರಾಜೇಂದ್ರ ಪ್ರಸಾದರು ಎರಡನೆಯ ಸಲ ರಾಷ್ಟ್ರಪತಿಗಳಾದರು. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಉಭಯ ಸದನಗಳ ಸದಸ್ಯರೇ. ಅವರು ರಾಧಾಕೃಷ್ಣನ್ನರನ್ನೇ ಅವಿರೋಧವಾಗಿ ಮರಳಿ ಆರಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪಾಠ ಹೇಳಿದ ಆ ಗುರುವನ್ನು ಕನ್ನಡಿಗರು ಪರಕೀಯರೆಂದು ಎಣಿಸಿದವರಲ್ಲ; ಬೀಳ್ಕೊಡುವ ದಿನ ವಿದ್ಯಾರ್ಥಿಗಳೇ ಅವರ ಗಾಡಿಯನ್ನು ಎಳೆದರೆಂಬುದು ಪ್ರಸಿದ್ಧ. ಅವರೇ ರಾಷ್ಟ್ರಪತಿಗಳಾಗಲೆಂಬ ಇಂಗಿತ ಪ್ರಧಾನಿ ನೆಹರೂ ಅವರಿಗೆ ಇತ್ತು, ಅದು ನಡೆಯಲಿಲ್ಲ. ರಾಧಾಕೃಷ್ಣನ್ನರು ಮತ್ತೆ ಐದು ವರ್ಷ ಎರಡನೆಯ ಪೀಠದಲ್ಲಿಯೇ ಕುಳಿತರು. 1961ರಲ್ಲಿ ರಾಜೇಂದ್ರ ಪ್ರಸಾದರು ಕಾಯಿಲೆ ಬಿದ್ದಾಗ ಅವರ ಕಾರ್ಯಭಾರವನ್ನು ಹೊತ್ತರು. 1962ರಲ್ಲಿ ತಾವೇ ರಾಷ್ಟ್ರಪತಿಗಳಾದರು. ಹತ್ತು ವರ್ಷ ಪಕ್ಕದಲ್ಲಿ ಕುಳಿತವರಿಗೆ ಆ ಪೀಠವು ಹೊಸದೆನಿಸಲಿಲ್ಲ.

ಜಮಖಂಡಿಯ ಕಡೆಯ ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರ ಸಂಗತಿಯೂ ಇಲ್ಲಿ ಸ್ಮರಣೀಯ. 1974ರಿಂದ ಉಪರಾಷ್ಟ್ರಪತಿಗಳಾಗಿದ್ದ ಅವರು, 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ, ಜುಲೈ 25ರ ತನಕ ರಾಷ್ಟ್ರಪತಿಯ ಸ್ಥಾನದಲ್ಲಿ ನಿಂತರು. ಆ ಐದು ತಿಂಗಳುಗಳಲ್ಲಿ ತುರ್ತು ಪರಿಸ್ಥಿತಿಯು ಕೊನೆಗೊಂಡಿತು, ಕೇಂದ್ರದಲ್ಲಿ ಸ್ವಾತಂತ್ರ್ಯದ ಬಳಿಕ ಮೊದಲ ಬಾರಿಗೆ ಆಳುವ ಪಕ್ಷ ಬದಲಾಯಿತು, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಕಠಿಣ ಪ್ರಶ್ನೆ ಅವರ ಮೇಜಿನ ಮೇಲೆ ಬಂತು. ಅವರನ್ನು ಆ ಪೀಠಕ್ಕೆ ಆರಿಸಿದ ದಿನ ಇಷ್ಟನ್ನು ಯಾರು ಊಹಿಸಿದ್ದರು?

ಇಷ್ಟು ಉದಾಹರಣೆಗಳಿಂದ ತೇಲಿ ಬರುವ ನಿರ್ಣಯ ಹೀಗಿದೆ. ಮರಳಿ ನಿಲ್ಲುವ ಮುಂದಾಳು ಎರಡನೆಯವನ ಪ್ರಶ್ನೆಯನ್ನು ಹೊಸದಾಗಿಯೇ ಎತ್ತಬೇಕು. ಹಿಂದೆ ಇದ್ದನೆಂಬ ದಾಕ್ಷಿಣ್ಯವಾಗಲಿ, ಹೊಸ ಮುಖಕ್ಕೆ ಜನ ಮರುಳಾಗುವರೆಂಬ ಆಸೆಯಾಗಲಿ ಉತ್ತರವಾಗಕೂಡದು. ಕೇಳಬೇಕಾದುದು ಒಂದೇ ಮಾತು: ನಾಳೆ ಬೆಳಗ್ಗೆ ಮೊದಲನೆಯವನು ಇಲ್ಲದಿದ್ದರೆ ಈತನ ಕೈಯಲ್ಲಿ ರಾಜ್ಯವನ್ನು ಕೊಟ್ಟು ಜನರು ನಿದ್ರೆ ಮಾಡಬಹುದೇ? ಹೌದೆಂದಾದರೆ ಉಳಿಸಿಕೊಳ್ಳುವುದೇ ಮೇಲು. ನಾಲ್ಕೈದು ವರ್ಷಗಳ ಒಡನಾಟದಿಂದ ಬಂದ ಅರಿವನ್ನು ಯಾವ ಹೊಸಬನೂ ಚುನಾವಣೆಯ ಮೂರು ತಿಂಗಳಲ್ಲಿ ಗಳಿಸಲಾರನು. ಅಲ್ಲವೆಂದಾದರೆ ಬದಲಿಸುವುದು ಧರ್ಮ; ಅಯೋಗ್ಯನು ಪಕ್ಕದಲ್ಲಿ ಹೆಚ್ಚು ಕಾಲ ಕುಳಿತಷ್ಟೂ ಯೋಗ್ಯನಾಗುವುದಿಲ್ಲ, ಹಳಬನಾಗುತ್ತಾನೆ ಅಷ್ಟೆ. ಬದಲಿಸುವುದಾದರೆ ಕಾರಣವನ್ನು ಜನರೆದುರು ಬಿಚ್ಚಿ ಹೇಳಬೇಕು, ಇಳಿಯುವವನ ಮಾನವನ್ನು ಕಾಯಬೇಕು, ಬಂದವನಿಗೆ ಮೊದಲ ದಿನದಿಂದಲೇ ರಾಜ್ಯದ ಗುಟ್ಟುಗಳನ್ನು ತಿಳಿಸಬೇಕು. ಟ್ರೂಮನನನ್ನು ಕತ್ತಲೆಯಲ್ಲಿ ಇಟ್ಟಂತೆ ಇಡಬಾರದು.

ಕೊನೆಗೆ ಇದರಲ್ಲಿ ಮತದಾರನ ಕರ್ತವ್ಯವೂ ಉಂಟು. ಗ್ರಾಮದ ಪಂಚಾಯತಿಯಾಗಲಿ, ಸಹಕಾರಿ ಸಂಘವಾಗಲಿ, ದೇವಸ್ಥಾನದ ಸಮಿತಿಯಾಗಲಿ, ದೇಶವಾಗಲಿ, ಎರಡನೆಯ ಹೆಸರನ್ನು ಓದದೆ ಕೈಯೆತ್ತುವವನು ಮುಂದೆ ಆ ಹೆಸರಿನ ಆಳ್ವಿಕೆ ಬಂದಾಗ ದೂರುವುದಕ್ಕೆ ಅಧಿಕಾರಿಯಲ್ಲ. ಮುಂದಾಳು ತನ್ನ ಬಳಿಕ ಯಾರೆಂಬುದನ್ನು ನೆನೆಯಲು ಹಿಂಜರಿಯುವುದು ಮನುಷ್ಯಸಹಜ. ತನ್ನ ಸಾವಿನ ಲೆಕ್ಕವನ್ನು ತಾನೇ ಬರೆಯುವವರು ಕಡಮೆ. ಅವನು ನೆನೆಯದಿದ್ದುದನ್ನು ಜನರಾದರೂ ನೆನೆಯಬೇಕು.