ದರ್ಜಿಯವರು ತಂದ ಗೋಧಿ ಗುಗ್ಗರಿ

ಉತ್ತರ ಲಂಡನ್ನಿನಲ್ಲಿ ಪಾಮರ್ಸ್ ಗ್ರೀನ್ ಅಂತ ಒಂದು ಬಡಾವಣೆ. ಸೈಪ್ರಸ್ಸಿನ ಗ್ರೀಕರು ಅಲ್ಲಿ ಎಷ್ಟು ಜನ ಅಂದರೆ, ತಮಾಷೆಗೆ ಅದನ್ನು ಪಾಮರ್ಸ್ ಗ್ರೀಕ್ ಅಂತಲೇ ಕರೆಯುವುದುಂಟು. ಮಗನ ಮನೆ ಅಲ್ಲೇ ಹತ್ತಿರ. ನಿವೃತ್ತಿಯಾಗಿ ಅಲ್ಲಿಗೆ ಹೋಗಿ ಕೂತ ಮೇಲೆ ಮಾಡಲು ಕೆಲಸವಿಲ್ಲ. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮಳೆಯೋ, ನಮ್ಮ ಕಡೆಯದರಂತೆ ಸುರಿದು ಮುಗಿಸುವುದಲ್ಲ, ದಿನವಿಡೀ ಜಿನುಗುತ್ತಲೇ ಇರುತ್ತದೆ. ಹಾಗಿರುವಾಗ ಸೊಸೆ ಒಂದು ಚೀಟಿ ತಂದುಕೊಟ್ಟಳು: ಚರ್ಚಿನ ಹಿಂದಿನ ಹಾಲಿನಲ್ಲಿ ದೊಡ್ಡವರಿಗೆ ಹೋಮರನ ಗ್ರೀಕ್ ಪಾಠ. ಮಾವ ವಾರಕ್ಕೊಂದು ಸಂಜೆಯಾದರೂ ಹೊರಗಿರಲಿ ಅನ್ನುವುದೂ ಅದರಲ್ಲಿ ಇದ್ದಿರಬಹುದು. ನನಗೂ ಹಳೆಯ ಆಸೆಯೊಂದಿತ್ತು. ಕಾಲೇಜಿನಲ್ಲಿ ಬಿಎಂಶ್ರೀಯವರ 'ಅಶ್ವತ್ಥಾಮನ್' ಓದಿದಾಗ, ಅದರ ಹಿಂದೆ ಸೊಫೊಕ್ಲಿಸನ ಏಜಾಕ್ಸ್ ಇದ್ದಾನೆ ಅಂತ ಮೇಷ್ಟ್ರು ಹೇಳಿದ್ದರು. ಆ ಏಜಾಕ್ಸ್ ಟ್ರಾಯ್ ಯುದ್ಧದಲ್ಲಿ ಕಾದಾಡುವುದನ್ನು ಮೂಲದಲ್ಲೇ ನೋಡಿಬಿಡೋಣ ಅಂತ ಹೊರಟೆ.

ನಾವು ಎಂಟು ಜನರೋ ಒಂಬತ್ತೋ. ಕಲಿಸುತ್ತಿದ್ದ ಮೇಡಂ ಒಳಗೂ ಮಳೆಕೋಟು ಬಿಚ್ಚುತ್ತಿರಲಿಲ್ಲ. ರಾತ್ರಿ ಪಾಳಿಗೆ ಹೋಗುವ ನರ್ಸ್ ಒಬ್ಬಾಕೆ ಕ್ರಿಯಾಪದ ಬಂದ ಕೂಡಲೇ ತೂಕಡಿಸುತ್ತಿದ್ದಳು, ಯುದ್ಧ ಶುರುವಾದರೆ ಎದ್ದು ಕೂರುತ್ತಿದ್ದಳು. ಪಠ್ಯ ಕ್ಲೈಡ್ ಫಾರ್ ಎಂಬವರು 1920ರಲ್ಲಿ ಬರೆದದ್ದು. ಗಟ್ಟಿ ಪುಸ್ತಕ. ಅಕ್ಷರಾಭ್ಯಾಸ ಮುಗಿದು ಸ್ವಲ್ಪ ದಿನಕ್ಕೇ ಸೀದಾ ಇಲಿಯಡ್ಡಿನ ಮೊದಲ ಸರ್ಗಕ್ಕೆ ನೂಕಿಬಿಡುತ್ತದೆ.

ನನ್ನ ಪಕ್ಕ ಕೂರುತ್ತಿದ್ದವರು ಸೈಪ್ರಸ್ಸಿನ ಒಬ್ಬ ದರ್ಜಿ. ಎಪ್ಪತ್ತು ದಾಟಿದ್ದರು. ಯಾರ ಕೋಟಿನ ತೋಳು ಗಿಡ್ಡವಾಗಿದೆ ಅಂತ ಕಣ್ಣಲ್ಲೇ ಅಳೆಯುವ ಚಾಳಿ. ಮೇಡಮ್ಮಿಗೂ ಅವರಿಗೂ ಮೊದಲ ದಿನವೇ ಜಟಾಪಟಿ. ಕಾವ್ಯದ ಮೊದಲ ಪದವನ್ನು ಮೇಡಂ 'ಮೇನಿನ್' ಅಂದರು. ಇವರು 'ಮಿನಿನ್' ಅಂದರು. "ನಮ್ಮಜ್ಜಿಯ ಭಾಷೇನ ನನಗೇ ಹೇಳಿಕೊಡ್ತಾರೆ ನೋಡಿ," ಅಂತ ನನ್ನ ಕಿವಿಯಲ್ಲಿ ಗೊಣಗಿದರು. ಆದರೆ ಛಂದಸ್ಸಿಗೆ ಬಂದಾಗ ಅವರೇ ಸಿಕ್ಕಿಬಿದ್ದರು. ಇವತ್ತಿನ ಗ್ರೀಕಿನಲ್ಲಿ ಹ್ರಸ್ವ ದೀರ್ಘದ ಭೇದ ಅಳಿದುಹೋಗಿದೆ. ಹೋಮರನ ಸಾಲು ನಿಂತಿರುವುದೇ ಅದರ ಮೇಲೆ. ಮೇಡಂ ಟೀ ಲೋಟಕ್ಕೆ ಚಮಚದಿಂದ ಬಡಿದು ತೋರಿಸುತ್ತಿದ್ದಂತೆ ನನಗೆ ಹೊಳೆಯಿತು: ಗುರು ಲಘು ಲಘು. ಅರೆ, ಇದು ನಮ್ಮ ಭಗಣ! ಸಾಲಿಗೆ ಆರು ಗಣ. ಅಲ್ಲಲ್ಲಿ ಎರಡು ಲಘುವಿನ ಜಾಗಕ್ಕೆ ಒಂದು ಗುರು, ಕೊನೆಯ ಗಣಕ್ಕೆ ಮಾತ್ರ ಎರಡೇ ಅಕ್ಷರ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿಸಿದ ಕನ್ನಡ ಪಂಡಿತರಿಗೆ ಮನಸ್ಸಿನಲ್ಲೇ ಕೈಮುಗಿದೆ. ಸಮುದ್ರ, ಆಕಾಶ, ಮನುಷ್ಯ ಇಂಥ ಪದಗಳೆಲ್ಲ ದರ್ಜಿಯವರಿಗೆ ಹಾಲು ಕುಡಿದಷ್ಟು ಸಲೀಸು. ತಾಳ ಹಾಕುವುದು ನನ್ನ ಪಾಲಿಗೆ. ಹೀಗೆ ಇಬ್ಬರೂ ಸೇರಿ ಒಬ್ಬ ವಿದ್ಯಾರ್ಥಿಯಾದೆವು.

ನಾನು ಹೇಳಹೊರಟದ್ದು ಕೊನೆಯ ಸರ್ಗದ ಸಂಜೆಯ ಮಾತು. ಅದು ಎರಡನೆಯ ಚಳಿಗಾಲವೋ ಮೂರನೆಯದೋ. ಹೀಟರ್ ಕೆಟ್ಟಿತ್ತು, ಎಲ್ಲರೂ ಮೇಡಮ್ಮಿನ ಹಾಗೆ ಕೋಟು ಹಾಕಿಕೊಂಡೇ ಕೂತಿದ್ದೆವು. ಗ್ರೀಕರ ವೀರ ಅಕಿಲೀಸ್ ಹೆಕ್ಟರನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡಿದ್ದಾನೆ. ಹೆಕ್ಟರನ ಮುದಿ ತಂದೆ ಪ್ರಯಾಮ್, ಟ್ರಾಯ್ ನಗರದ ದೊರೆ, ರಾತ್ರಿಯಲ್ಲಿ ಗಾಡಿ ಕಟ್ಟಿಸಿಕೊಂಡು ಶತ್ರುವಿನ ಬಿಡಾರಕ್ಕೆ ಬರುತ್ತಾನೆ. ಅಕಿಲೀಸನ ಮೊಣಕಾಲು ಹಿಡಿದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ಕೇಳುವುದು ಇಷ್ಟೇ: ಮಗನ ಹೆಣ ಕೊಡು.

ಓದುವ ಸರದಿ ದರ್ಜಿಯವರದು. ಅವರ ಅಜ್ಜಿಯ ಉಚ್ಚಾರದಲ್ಲೇ ಓದಿದರು. ಅಂದು ಮೇಡಂ ತಿದ್ದಲಿಲ್ಲ. ಓದಿ, ಪುಸ್ತಕ ಮಗುಚಿಟ್ಟು, ಕನ್ನಡಕ ಒರೆಸುತ್ತಾ, "ನಮ್ಮಣ್ಣನದೂ ಹೀಗೇ. ಅವನನ್ನೂ ವಾಪಸು ಕೊಟ್ಟರು," ಅಂದರು.

1974ರಲ್ಲಿ ತುರ್ಕಿಯ ಸೈನ್ಯ ಸೈಪ್ರಸ್ಸಿನಲ್ಲಿ ಇಳಿದಾಗ ಇವರು ಲಂಡನ್ನಿನಲ್ಲಿ ಕೋಟು ಹೊಲಿಯುತ್ತಿದ್ದರು, ಅಣ್ಣ ಊರಿನಲ್ಲಿ. ಆಮೇಲೆ ಅಣ್ಣನ ಸುದ್ದಿಯೇ ಇಲ್ಲ. ಆ ದ್ವೀಪದಲ್ಲಿ ಕಾಣೆಯಾದವರ ಪಟ್ಟಿಯಲ್ಲಿ ಇರುವುದು 2002 ಹೆಸರು: 1510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. ಎರಡೂ ಕಡೆಯವರು ಸೇರಿದ ಸಮಿತಿಯೊಂದು ಹೊಲ, ಬಾವಿ ಅಗೆಸಿ ಮೂಳೆ ಹುಡುಕಿಸುತ್ತದೆ. ಡಿಎನ್‌ಎ ಹೋಲಿಸಿ ಗುರುತು ಹಿಡಿದು ಮನೆಯವರಿಗೆ ಒಪ್ಪಿಸುತ್ತದೆ. "ಅಗೆದ ಹುಡುಗರಲ್ಲಿ ಆ ಕಡೆಯವರೂ ಇದ್ದರು. ಪೆಟ್ಟಿಗೆ ಇಷ್ಟೇ ಇತ್ತು," ಅಂತ ಟೇಪು ಹಿಡಿದವರ ಹಾಗೆ ಎರಡೂ ಕೈ ಅಗಲಿಸಿ ತೋರಿಸಿದರು. ಅಳತೆಯಲ್ಲಿ ಅವರು ತಪ್ಪುವವರಲ್ಲ.

ಮುಂದೆ ಯಾರು ಏನಂದರೋ ಸರಿಯಾಗಿ ನೆನಪಿಲ್ಲ. ಮೇಡಂ ಪಾಠ ನಿಲ್ಲಿಸೋಣವೇ ಅಂದಿರಬೇಕು. ದರ್ಜಿಯವರೇ ಬೇಡ ಅಂದರು. ಮುಂದಿನ ಭಾಗ ನಾನು ಓದಿದೆ. ಇಬ್ಬರೂ ಸಾಕಾಗುವಷ್ಟು ಅತ್ತ ಮೇಲೆ ಅಕಿಲೀಸ್ ಮುದುಕನಿಗೆ ಊಟ ಮಾಡು ಅನ್ನುತ್ತಾನೆ. ನಿಯೋಬಿ ಎಂಬ ತಾಯಿ ಹನ್ನೆರಡು ಮಕ್ಕಳನ್ನು ಒಟ್ಟಿಗೆ ಕಳೆದುಕೊಂಡರೂ ಹಸಿವಾದಾಗ ಉಂಡಳು ಅಂತ ಕಥೆ ಹೇಳಿ, ಬಿಳಿ ಕುರಿ ಕಡಿದು, ಸರಳಿಗೆ ಚುಚ್ಚಿ ಸುಟ್ಟು ಬಡಿಸುತ್ತಾನೆ. ಆಮೇಲೆ ಜಗಲಿಯಲ್ಲಿ ಹಾಸಿಗೆ ಹಾಸಿಸುತ್ತಾನೆ.

ನಿಯೋಬಿಯ ಕಥೆ ಮುಗಿಯುತ್ತಿದ್ದಂತೆ ದರ್ಜಿಯವರು ಚೀಲದಿಂದ ಒಂದು ಡಬ್ಬ ತೆಗೆದರು. ಆ ಭಾನುವಾರ ಚರ್ಚಿನಲ್ಲಿ ಅಣ್ಣನ ಹೆಸರಿನ ಪ್ರಾರ್ಥನೆ ಆಗಿತ್ತಂತೆ. ಅದರ ಪ್ರಸಾದ ಕೋಲಿವ. ಬೇಯಿಸಿದ ಗೋಧಿಗೆ ದಾಳಿಂಬೆ, ಬಾದಾಮಿ, ಎಳ್ಳು, ಒಣದ್ರಾಕ್ಷಿ ಬೆರೆಸಿದ್ದು. ನಮ್ಮ ಗುಗ್ಗರಿಯೇ, ಸಿಹಿ ಮಾಡಿದ್ದು ಅಷ್ಟೇ. "ಅವನೇ ಹೇಳ್ತಾ ಇದಾನಲ್ಲ, ತಿನ್ನಿ," ಅಂದರು. ಚಮಚ ಇದ್ದದ್ದು ಒಂದೇ, ಅದೇ ತಾಳ ಹಾಕುವ ಚಮಚ. ಕೈಯಲ್ಲೇ ತಿಂದೆವು. ನರ್ಸ್ ಎರಡನೇ ಸಲ ಹಾಕಿಸಿಕೊಂಡು, ಗೋಧಿ ಎಷ್ಟು ಹೊತ್ತು ನೆನೆಸಬೇಕು ಅಂತ ಕೇಳಿಕೊಂಡಳು.

ಇಲಿಯಡ್ ಅಂದರೆ ಮರದ ಕುದುರೆಯ ಕಥೆ ಅಂದುಕೊಂಡು ಓದಲು ಕೂರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅದರಲ್ಲಿ ಕುದುರೆ ಬರುವುದಿಲ್ಲ, ಟ್ರಾಯ್ ಬೀಳುವುದೂ ಇಲ್ಲ. ಹೆಕ್ಟರನ ಉತ್ತರಕ್ರಿಯೆಗೆ ಕಾವ್ಯ ಮುಗಿಯುತ್ತದೆ. ಎರಡನೆಯ ಸರ್ಗದ ಹಡಗುಗಳ ಪಟ್ಟಿ ಬೇಸರ ತಂದರೆ ಧಾರಾಳವಾಗಿ ಹಾರಿಸಿ. ಇಪ್ಪತ್ತನಾಲ್ಕನೆಯದನ್ನು ಮಾತ್ರ ಬಿಡಬೇಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ.