ಕಬ್ಬಿಣ ಆಚೆ ಇಡ್ರಿ

ಮಂಗಳವೇಢೆಯ ನಮ್ಮ ಮನೆ ಮಾಳಿಗೆಯ ಮೇಲೆ ಟಿವಿ ಡಿಶ್ ಕೂಡಿಸಿದವನು ನಮ್ಮಣ್ಣ. ಸೇನೆಯ ಸಿಗ್ನಲ್ಸ್ ದಳದಿಂದ ರಜೆಗೆ ಬಂದಿದ್ದ. ಅಂಗಡಿಯ ಹುಡುಗನಾದರೆ ಪಕ್ಕದ ಮನೆಯ ಡಿಶ್ ನೋಡಿ ನಮ್ಮದನ್ನೂ ಅತ್ತಲೇ ತಿರುಗಿಸಿ ಚಹಾ ಕುಡಿದು ಹೋಗುತ್ತಿದ್ದ. ಅಣ್ಣ ಕಿಸೆಯಿಂದ ದಿಕ್ಸೂಚಿ ತೆಗೆದ. ಹೊಲದಿಂದ ಆಗಷ್ಟೇ ಬಂದಿದ್ದ ನಾನು ಕುಡುಗೋಲು ಹಿಡಿದುಕೊಂಡೇ ಬಗ್ಗಿ ನೋಡಿದೆ. ಮುಳ್ಳು ನನ್ನ ಕಡೆ ವಾಲಿತು.

"ಕಬ್ಬಿಣ ಆಚೆ ಇಡೋ! ಅದು ಉತ್ತರ ಬಿಟ್ಟು ನಿನ್ನ ಕುಡುಗೋಲು ತೋರಸ್ಲಿಕ್ಕತ್ತದ."

ಗಡಿಯ ಮೇಲೆ ಹೊಸ ಠಾಣ್ಯ ಹಾಕಿದಾಗಲೂ ಮೊದಲ ಪಾಠ ಇದೇ ಅಂತೆ. ಉಳಿದವರು ಡೇರೆ ಹೊಡೆಯುವಾಗ ಸಿಗ್ನಲ್ಸ್ ದಳದವರು ಲಾರಿಯಿಂದ, ಜನರೇಟರಿನಿಂದ ದೂರ ನಡೆದು, ಬಂದೂಕನ್ನೂ ಬದಿಗಿಟ್ಟು ದಿಕ್ಕು ಹಿಡಿಯುತ್ತಾರೆ. ಮುಕ್ಕಾಲಿಯನ್ನು ಸಮ ಮಾಡಿ, ಮರಳಿನ ಚೀಲ ಹೇರಿ, ಡಿಶ್ಶನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತ ಮೀಟರಿನ ಮುಳ್ಳು ಏರುವುದನ್ನು ಕಾಯುತ್ತಾರೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಡಿಶ್ ನೋಡಬೇಕಾದ ಉಪಗ್ರಹ ಭೂಮಿಯ ಜೊತೆಗೇ ಸುತ್ತುತ್ತ ನಿಂತಲ್ಲೇ ನಿಂತಂತೆ ಕಾಣುತ್ತದೆ. ನಮ್ಮೂರಿಗಿಂತ ಲೇಹ್‌ನಲ್ಲಿ ಅದು ಬಾನಿನಲ್ಲಿ ಬಹಳ ಕೆಳಗೆ ಇರುತ್ತದೆ. "ಅಲ್ಲಿ ಡಿಶ್ ಸುದ್ದಾ ತಲಿ ಬಗ್ಗಸ್ತದ," ಎಂದ ಅಣ್ಣ. ಹಿಮ ಕೂತರೆ ಒರೆಸಬೇಕು. ಚಳಿಗೆ ಬ್ಯಾಟರಿ ಸೋಲದಂತೆ ಮಲಗುವ ಚೀಲದೊಳಗೆ ಮಗುವಿನ ಹಾಗೆ ಮಲಗಿಸಿಕೊಳ್ಳಬೇಕು.

ಇಂಥದೊಂದು ಉಪಗ್ರಹದ ಲೆಕ್ಕವನ್ನು 1945ರಲ್ಲೇ ಪತ್ರಿಕೆಯಲ್ಲಿ ಬರೆದು ತೋರಿಸಿದ ಆರ್ಥರ್ ಸಿ. ಕ್ಲಾರ್ಕ್ ಆಗಿನ್ನೂ ಬ್ರಿಟಿಷ್ ವಾಯುಪಡೆಯ ರೇಡಾರ್ ಕೆಲಸದಲ್ಲಿದ್ದ. ನಮ್ಮ ದೇಶದ ಮೊದಲನೆಯದು 1981ರ 'ಆ್ಯಪಲ್'. ಬೆಂಗಳೂರಿನಲ್ಲಿ ಅದರ ಆಂಟೆನಾ ಪರೀಕ್ಷಿಸುವಾಗ ಲಾರಿಯ ಲೋಹ ಅಡ್ಡಿಯಾಗುತ್ತದೆಂದು ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟರು. ಅದರ ಫೋಟೋ ನೋಡಿ ನಕ್ಕವರೇ ಹೆಚ್ಚು. ಮಾಲದಂಡಿ ಜೋಳವನ್ನು ಗಾಡಿಯಲ್ಲೇ ಹೇರಿದ ಊರಿನವನಾದ ನನಗೆ ಮಾತ್ರ ನಗು ಬರಲಿಲ್ಲ. ಅಲ್ಲಿಯೂ ಯಾರೋ ಒಬ್ಬರು "ಕಬ್ಬಿಣ ಆಚೆ ಇಡ್ರಿ" ಅಂದಿರಬೇಕು ಅನ್ನಿಸಿತು. ಈಗ ನೌಕಾಪಡೆಗೆಂದು 2013ರಲ್ಲಿ ಜಿಸ್ಯಾಟ್-7, ವಾಯುಪಡೆಗೆಂದು 2018ರಲ್ಲಿ ಜಿಸ್ಯಾಟ್-7ಎ ಮೇಲೇರಿವೆ. ಅವುಗಳ ಲಗಾಮು ಇರುವುದು ನಮ್ಮ ಹಾಸನದಲ್ಲಿ.

ನಮ್ಮೂರಿಗೆ ಸುದ್ದಿ ಸಾಗಿಸುವವರ ಹಳೆಯ ನಂಟಿದೆ. ಹಿಂದೊಮ್ಮೆ ಬರಗಾಲದಲ್ಲಿ ನಮ್ಮೂರಿನ ಅಧಿಕಾರಿ ದಾಮಾಜಿಪಂತ ಸರ್ಕಾರಿ ಕಣಜ ತೆರೆದು ಜನರಿಗೆ ಹಂಚಿದ. ಬೀದರಿನ ಸುಲ್ತಾನನಿಗೆ ಸಿಟ್ಟು ಬಂತು. ಆಗ ಪಂಢರಪುರದ ವಿಠ್ಠಲನೇ ವಿಠೂ ಮಹಾರನೆಂಬ ಓಲೆಕಾರನಾಗಿ ಬೀದರಿಗೆ ನಡೆದು ಆ ಕಾಳಿನ ಹಣ ಕಟ್ಟಿ, ಪಾವತಿ ಚೀಟಿಯನ್ನೂ ಪಡೆದನಂತೆ. ನನಗೆ ಹಿಡಿಸುವುದು ಆ ಪಾವತಿ. ಕಳಿಸಿದರೆ ಸಾಲದು, ಮುಟ್ಟಿದ್ದು ಗೊತ್ತಾಗಬೇಕು. ದೇವರು ಕೂಡ ಕತ್ತಿ ಹಿಡಿಯದೆ, ಕಂಬಳಿ ಹೊದ್ದೇ ಹೋದನೆಂದು ನನ್ನ ಊಹೆ.

ಅಣ್ಣನ ಪಾವತಿ ಬರುತ್ತಿದ್ದುದು ಉಪಗ್ರಹದ ಫೋನಿನಿಂದ. ಆಗ ನಿಮಿಷಕ್ಕೆ 5 ರೂಪಾಯಿ. 2017ರ ದೀಪಾವಳಿಗೆ 1 ರೂಪಾಯಿ ಆಯಿತು. ಮಾತು ಮೇಲೇರಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಆ ಅರ್ಧ ಸೆಕೆಂಡಿನಲ್ಲಿ ಅವ್ವ ನೂರು ಯೋಚನೆ ಮಾಡುತ್ತಿದ್ದಳು. "ಊಟ ಆತೇನೋ?" ಅಂದಾಗ ಉತ್ತರ ತಡವಾದರೆ, "ಸುಳ್ಳು ಹೇಳ್ತಾನ, ಉಂಡಿಲ್ಲ" ಎಂದು ನನ್ನತ್ತ ತಿರುಗುತ್ತಿದ್ದಳು. ಅಷ್ಟರಲ್ಲಿ ಅವನ "ಆತು" ಬಂದು ಬಿದ್ದು, ಅವಳ ಮಾತಿನಡಿ ಮುಚ್ಚಿಹೋಗುತ್ತಿತ್ತು. ಇಬ್ಬರೂ ಒಟ್ಟಿಗೇ "ಏನಂದಿ?" ಅನ್ನುವರು; ಮತ್ತೆ ಅರ್ಧ ಸೆಕೆಂಡು.

ಕ್ರಮೇಣ ಅವಳು ಕಾಯುವುದನ್ನು ಕಲಿತಳು. ಈಗ ಅಣ್ಣ ನಿವೃತ್ತನಾಗಿ ಸೊಲ್ಲಾಪುರದಲ್ಲಿದ್ದಾನೆ. ಮೊಬೈಲಿನಲ್ಲಿ ಉತ್ತರ ತಕ್ಷಣ ಬರುತ್ತದೆ. ಆದರೂ ಅವ್ವ ಕೇಳಿ ಸುಮ್ಮನಾಗುತ್ತಾಳೆ. ನಿನ್ನೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಗ ಫೋನ್ ಬಂತು. ಮೊದಲು ಈಳಿಗೆಯ ಅಲಗು ಮಡಚಿ ಗೋಡೆಗೆ ಸರಿಸಿದಳು, ಕೈ ಒರೆಸಿಕೊಂಡಳು. ಆಮೇಲೆ, "ಹಲೋ."