ಬೀಗ ಹಾಕಿದ ಬೀರು

ನಾವು ಓದಿದ ಸರ್ಕಾರಿ ಹೈಸ್ಕೂಲಿನಲ್ಲಿ ಒಂದು ಬೀರು ಇತ್ತು. ಅದರ ಗಾಜಿನಾಚೆ ಪ್ರನಾಳಗಳು, ಬೀಕರುಗಳು, ಒಂದು ಸೂಕ್ಷ್ಮದರ್ಶಕ. ಮೂರು ವರ್ಷ ನೋಡಿದ್ದೇ ನೋಡಿದ್ದು, ಬೀಗ ಮಾತ್ರ ತೆಗೆಯಲಿಲ್ಲ. ಕೇಳಿದರೆ ನಮ್ಮ ಮೇಷ್ಟ್ರು, "ಒಡೆದುಹೋದ್ರೆ ಸ್ಟಾಕ್ ಪುಸ್ತಕದಲ್ಲಿ ಏನಂತ ಬರೀಲ್ರೋ? ನನ್ನ ಸಂಬಳದಾಗೆ ಹಿಡೀತಾರೆ" ಅನ್ನೋರು. ಮೇಷ್ಟ್ರು ಕೆಟ್ಟವರಲ್ಲ. ಅವರ ಕೈಗೂ ಬೀಗ ಬಿದ್ದಿತ್ತು. ಆಮ್ಲಜನಕ ತಯಾರಿಸುವ ವಿಧಾನವನ್ನ ನಾವು ಮಂತ್ರದ ಹಾಗೆ ಬಾಯಿಪಾಠ ಮಾಡಿ ಅಂಕ ತಗೊಂಡೆವು.

ನೋಡು, ಮುಟ್ಟಬೇಡ. ನಮ್ಮ ತಾತಂದಿರಿಗೆ ಕೆರೆಕಟ್ಟೆಯಲ್ಲಿ ಹೇಳಿದ್ದೂ ಇದೇ ಮಾತು.

ಆ ಶಾಲೆ ಇದ್ದದ್ದು ಯಾವುದೋ ಕಾಡಿನಲ್ಲಲ್ಲ, ಬೆಂಗಳೂರಿನ ಪೂರ್ವದಲ್ಲಿ. 1940ರಲ್ಲಿ ವಿಮಾನ ಕಾರ್ಖಾನೆ ಎಚ್.ಎ.ಎಲ್. ಶುರುವಾದದ್ದು ಈ ಕಡೆಗೇ. 1948ರ ಐ.ಟಿ.ಐ. ಕೆ.ಆರ್. ಪುರದ ದೂರವಾಣಿನಗರದಲ್ಲಿ. ಇಸ್ರೋದ ಉಪಗ್ರಹ ಕೇಂದ್ರ ವಿಮಾನಪುರದಲ್ಲಿ. ಒಂದು ಬಡಾವಣೆಗೆ ಸಿ.ವಿ. ರಾಮನ್ ಹೆಸರೇ ಇದೆ. ಇಂಥ ಕಾಂಪೌಂಡುಗಳ ಒಳಕ್ಕೆ ನಮ್ಮ ಅವ್ವಂದಿರು ಪೊರಕೆ ಹಿಡಿದು ಹೋಗ್ತಾರೆ. ಮಕ್ಕಳು ಹೋಗೋ ದಾರಿ ಯಾವುದು?

ಪಾಠದಲ್ಲಿ ಹೈಡ್ರೋಜನ್ ಸಲ್ಫೈಡ್ ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಒಂದಂಕದ ಪ್ರಶ್ನೆ. ನಮ್ಮ ಕೇರಿಯಲ್ಲಿ ಅದು ಮ್ಯಾನ್‌ಹೋಲಿಗೆ ಇಳಿದವರನ್ನ ಕೊಲ್ಲೋ ಗಾಳಿ. ಹೆಚ್ಚಾದರೆ ಮೂಗೇ ಸತ್ತು ವಾಸನೆಯೂ ಗೊತ್ತಾಗಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನ ಇಳಿಸಬಾರದು ಅಂತ 2013ರಲ್ಲಿ ಕಾನೂನು ಬಂತು. ಆಮೇಲೂ ಸತ್ತಿದ್ದಾರೆ. ವಿಜ್ಞಾನ ತಿಳಿಯದೆ ಸತ್ತರು ಅನ್ನಬೇಡಿ, ಇಳಿಸಿದವರಿಗೆ ತಿಳಿದಿತ್ತು. ಆ ಗುಂಡಿಗೆ ಮನುಷ್ಯನ ಬದಲು ಇಳಿಯೋ ಯಂತ್ರವನ್ನ ಆ ಕೇರಿಯ ಮಗಳೇ ಯಾಕೆ ಕಟ್ಟಬಾರದು? ಕಟ್ಟಬೇಕಾದರೆ ಮೊದಲು ಅವಳ ಕೈಗೆ ಸಾಮಾನು ಸಿಗಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿ. ಅಡುಗೆಮನೆ, ಆಟದ ಮೈದಾನ, ಕಾಂಪೌಂಡು, ಗ್ರಂಥಾಲಯ ಎಲ್ಲ ಇದೆ. ಅಗತ್ಯವಿದ್ದಷ್ಟು ಬೋಧನೋಪಕರಣ ಕೊಡಿ ಅಂತಲೂ ಇದೆ. ಪ್ರಯೋಗಾಲಯ ಅನ್ನೋ ಪದವೇ ಇಲ್ಲ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ. ಪಿಯುಸಿಗೆ ಬಂದರೆ ರಸಾಯನಶಾಸ್ತ್ರದಲ್ಲಿ ಪ್ರಯೋಗಕ್ಕೇ 30 ಅಂಕ. ದುಡ್ಡಿರುವವರ ಶಾಲೆಯ ಹುಡುಗ ವರ್ಷಗಟ್ಟಲೆ ಹಿಡಿದ ಪಿಪೆಟ್ಟನ್ನ ನಮ್ಮ ಹುಡುಗಿ ಅವತ್ತು ಮೊದಲು ಮುಟ್ಟುತ್ತಾಳೆ. ಕೈ ನಡುಗುತ್ತೆ. ಆ ನಡುಕಕ್ಕೆ 'ಮೆರಿಟ್ ಇಲ್ಲ' ಅಂತ ಹೆಸರಿಡುತ್ತಾರೆ.

ದುಡ್ಡಿಲ್ಲ ಅನ್ನೋ ಮಾತು ಬೇಡ. ಪರಿಶಿಷ್ಟ ಜಾತಿ, ಬುಡಕಟ್ಟು ಉಪಯೋಜನೆಗಳಿಗೆ ಜನಸಂಖ್ಯೆಗೆ ತಕ್ಕ ಹಣ ತೆಗೆದಿಡಬೇಕು ಅಂತ 2013ರಲ್ಲಿ ಕರ್ನಾಟಕವೇ ಕಾಯ್ದೆ ಮಾಡಿದೆ. ಊರಿಗೆಲ್ಲ ಆಗುವ ಕಾಮಗಾರಿಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯಲು ದಾರಿ ಮಾಡಿದ್ದ 7(ಡಿ) ಕಲಮನ್ನ 2023ರಲ್ಲಿ ತೆಗೆದಿದ್ದಾರೆ. ಹಾಗಾದರೆ ನಮ್ಮ ಮಕ್ಕಳೇ ಹೆಚ್ಚಿರುವ ಶಾಲೆಗಳಿಗೆ ಆ ಹಣ ಬರಲಿ. ಶಿವಾಜಿನಗರದಲ್ಲಿ, ಹಲಸೂರಿನಲ್ಲಿ, ಕೆ.ಆರ್. ಪುರದಲ್ಲಿ ಪ್ರತಿ ಸರ್ಕಾರಿ ಹೈಸ್ಕೂಲಿಗೆ ಒಂದು ಕೋಣೆ, ಒಂದು ನಲ್ಲಿ, ಒಬ್ಬ ಸಹಾಯಕ ಬೇಕು. ಜೊತೆಗೆ ಒಡೆದುಹೋಗುವ ಗಾಜಿಗೆ ಅಂತಲೇ ವರ್ಷ ವರ್ಷ ಹಣ ಬೇಕು. ಉಳ್ಳವರ ಮಗು ಪ್ರನಾಳ ಒಡೆದರೆ ಕಲಿಯುತ್ತಿದೆ ಅಂತಾರೆ. ನಮ್ಮ ಮಗು ಒಡೆದರೆ ನಷ್ಟ ಅಂತಾರೆ. ಒಡೆದು ಕಲಿಯೋ ಹಕ್ಕು ನಮಗೂ ಬೇಕು.

1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನ ಬಾಬಾಸಾಹೇಬರು ಮುಟ್ಟಿದ್ದು ಬರೀ ಬಾಯಾರಿಕೆಗಲ್ಲ. ಆ ನೀರಿನಲ್ಲಿ ಜಲಜನಕವೂ ಆಮ್ಲಜನಕವೂ ಇದೆ ಅಂತ ನಮ್ಮ ಮಕ್ಕಳು ಕೈಯಾರೆ ಮಾಡಿ ನೋಡುವವರೆಗೆ ಕೆರೆಯ ಕೆಲಸ ಮುಗಿದಿಲ್ಲ.

ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮೂರಿನ ಶಾಲೆಯ ಮುಂದಿನ ಎಸ್.ಡಿ.ಎಂ.ಸಿ. ಸಭೆಗೆ ಹೋಗಿ. ಒಂದೇ ಪ್ರಶ್ನೆ ಕೇಳಿ: ಆ ಬೀರುವಿನ ಬೀಗದಕೈ ಯಾರ ಹತ್ತಿರ ಇದೆ?